ಸಪ್ಪೆ ಜೋಕಿಗೆ ಹುಟ್ಟಿದ ಓಕೆ

(ಭಾಷೆ ಬಗ್ಗೆ ಆಸಕ್ತಿ ಇರುವವರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೈಕ್ ಓಕೆನಾ? ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಓಕೆ, ಶುರು ಮಾಡೋಣ.

ಇಷ್ಟು ಹೇಳುವುದರೊಳಗೆ ಆ ಪದ ಎರಡು ಸಲ ಬಂದುಹೋಯಿತು. ಎರಡು ಸಲವೂ ಅದು ಮಾಡಿದ ಕೆಲಸ ಬೇರೆ ಬೇರೆ. ಮೊದಲನೆಯದು ಪ್ರಶ್ನೆ, ಮೈಕ್ ಸರಿಯಾಗಿದೆಯಾ ಅಂತ. ಎರಡನೆಯದಕ್ಕೆ ಹೇಳಿಕೊಳ್ಳುವಂಥ ಅರ್ಥವೇ ಇಲ್ಲ. ಅದು ಮುಗೀತು, ಇನ್ನು ಮುಂದಕ್ಕೆ ಹೋಗೋಣ ಅಂತ ತಿಳಿಸುವ ಒಂದು ಸದ್ದು ಅಷ್ಟೆ. ಇಂಗ್ಲಿಷಿನ ಗಂಧಗಾಳಿ ಇಲ್ಲದ ಕಡೆಯೂ ಈ ಪದ ಆರಾಮಾಗಿ ಓಡಾಡಿಕೊಂಡಿದೆ. ನಮ್ಮ ಮಕ್ಕಳು ಎ ಬಿ ಸಿ ಡಿ ಕಲಿಯುವ ಮೊದಲೇ ಓಕೆ ಕಲಿತಿರುತ್ತಾರೆ. ಈಗ ಇದು ಕೋರ್ಟು ಕಚೇರಿಯಲ್ಲೂ ನಡೆಯುತ್ತದೆ. ಆದರೆ ಹುಟ್ಟಿದಾಗ ಇದು ಮರ್ಯಾದಸ್ಥರ ಮಾತಾಗಿರಲಿಲ್ಲ. ಶುದ್ಧ ಪಡ್ಡೆ ಮಾತು, ಸ್ಲ್ಯಾಂಗು.

ಎಲ್ಲಿಂದ ಬಂತು ಅಂತ ಕೇಳಿದರೆ ಸಾಕು, ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಗ್ರೀಕರು ಅದು ತಮ್ಮ 'ಓಲಾ ಕಲಾ' ಅನ್ನುತ್ತಾರೆ. ಎಲ್ಲ ಚೆನ್ನಾಗಿದೆ ಅಂತ ಅದರರ್ಥ. ಸ್ಕಾಟ್ಲೆಂಡಿನವರು ತಮ್ಮ 'ಓಖ್ ಐ' ಎದುರಿಗೆ ಇಡುತ್ತಾರೆ, ಅಂದರೆ 'ಓ, ಹೌದು ಹೌದು'. ಫ್ರೆಂಚರ ಕಡೆಯ ಕಥೆಯಲ್ಲಿ ರಮ್ ಬರುತ್ತದೆ. ಹೈಟಿಯಲ್ಲಿ 'ಓ ಕಾಯ್' ಅಂತ ಒಂದು ಬಂದರು ಇದೆ. ಅಲ್ಲಿನ ರಮ್ ಬಲು ಚೆನ್ನಾಗಿರುತ್ತಿತ್ತಂತೆ, ಹಾಗಾಗಿ ಹಡಗಿನವರು ಒಳ್ಳೆಯದಕ್ಕೆಲ್ಲ ಆ ಊರಿನ ಹೆಸರನ್ನೇ ಹೇಳತೊಡಗಿದರಂತೆ. ಇನ್ನೊಂದು ಕಥೆಯಲ್ಲಿ ಒಬಡಯಾ ಕೆಲಿ ಎಂಬ ರೈಲ್ವೆ ಗುಮಾಸ್ತ ಇದ್ದಾನೆ. ಪಾರ್ಸೆಲ್ ಚೀಟಿಗಳ ಮೇಲೆ ಅವನು ತನ್ನ ಇನಿಷಿಯಲ್ ಹಾಕುತ್ತಿದ್ದ, ಓ.ಕೆ. ಬಿದ್ದರೆ ಪಾರ್ಸೆಲ್ ಹೊರಟಿತು ಅಂತ ಲೆಕ್ಕ. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಿಗೆ ಕೊಡುತ್ತಿದ್ದ ಒಣ ಬಿಸ್ಕತ್ತಿನ ಮೇಲೆ ಆರಿನ್ ಕೆಂಡಲ್ ಎಂಬ ತಯಾರಕನ ಓ.ಕೆ. ಮುದ್ರೆ ಇತ್ತು ಅನ್ನುವವರೂ ಇದ್ದಾರೆ.

ಎಲ್ಲಕ್ಕಿಂತ ಜಾಸ್ತಿ ಓಡುವುದು ಸೊನ್ನೆಯ ಕಥೆ. ಅದು ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಅದೇ ಅಂತರ್ಯುದ್ಧದಲ್ಲಿ ಅವತ್ತು ಯಾರೂ ಸಾಯದಿದ್ದರೆ ಬೋರ್ಡಿನ ಮೇಲೆ ಒಂದು ಸೊನ್ನೆ, ಪಕ್ಕದಲ್ಲಿ 'ಕಿಲ್ಡ್' ಎಂಬುದರ ಕೆ ಬರೆಯುತ್ತಿದ್ದರಂತೆ. ಸೊನ್ನೆ ಸಾವು, ಎಲ್ಲ ಕ್ಷೇಮ. ಎಷ್ಟು ಚೆಂದದ ಕಥೆ ಅಲ್ವಾ? ಕೇಳಿದ ಕೂಡಲೇ ಇನ್ನೊಬ್ಬರಿಗೆ ಹೇಳಬೇಕು ಅನಿಸುತ್ತದೆ. ಕಥೆ ಇಷ್ಟು ಚೆಂದ ಇದ್ದರೆ ನನಗೆ ಅಲ್ಲೇ ಅನುಮಾನ ಶುರುವಾಗುತ್ತದೆ.

ಇಂಥ ಕಥೆಗಳನ್ನು ಪರೀಕ್ಷೆ ಮಾಡಲು ದೊಡ್ಡ ವಿದ್ವತ್ತು ಬೇಕಿಲ್ಲ. ಇಸವಿ ನೋಡಿದರೆ ಸಾಕು. ಅಮೆರಿಕದ ಅಂತರ್ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಓಕೆ ಎಂಬ ಪದ ಪತ್ರಿಕೆಯಲ್ಲಿ ಅಚ್ಚಾಗಿದ್ದು 1839ರಲ್ಲಿ. ಬಿಸ್ಕತ್ತೂ ಬಿತ್ತು, ಸೊನ್ನೆಯೂ ಬಿತ್ತು.

ನಮ್ಮಲ್ಲೂ ಇದೇ ಆಗಿದೆ. ಬೆಂಗಳೂರಿನ ಹೆಸರಿನ ಕಥೆ ಯಾರಿಗೆ ಗೊತ್ತಿಲ್ಲ ಹೇಳಿ? ಹೊಯ್ಸಳ ರಾಜ ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಶಾಸನವೊಂದಿದೆ. ಅದರಲ್ಲಿ 'ಬೆಂಗಳೂರ ಕಾಳಗ'ದ ಮಾತು ಬರುತ್ತದೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ಅಜ್ಜಿ ಒಲೆ ಹಚ್ಚುವ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು. ಇಷ್ಟಾದರೂ ಕಾಳಿನ ಕಥೆ ಸತ್ತಿಲ್ಲ, ಸಾಯುವುದೂ ಇಲ್ಲ. ಶಾಸನದಲ್ಲಿ ಅಜ್ಜಿ ಇಲ್ಲವಲ್ಲ.

ಗ್ರೀಕರ, ಸ್ಕಾಟರ ಕಥೆಗಳ ತೊಂದರೆ ಬೇರೆ. ಅವು ಇಸವಿಯಲ್ಲಿ ಬೀಳುವುದಿಲ್ಲ. 'ಓಲಾ ಕಲಾ' 1839ಕ್ಕೂ ಮೊದಲೇ ಇದ್ದ ಮಾತು, ನಿಜ. ಆದರೆ ಅದು ಗ್ರೀಕರ ಬಾಯಿಂದ ಅಮೆರಿಕದ ಪತ್ರಿಕೆಗೆ ಹೇಗೆ ಹೋಯಿತು ಅಂತ ತೋರಿಸಲು ನಡುವೆ ಒಂದು ಹೆಜ್ಜೆ ಗುರುತೂ ಇಲ್ಲ. ಎರಡು ಪದ ಒಂದೇ ಥರ ಕೇಳಿಸಿದ ಮಾತ್ರಕ್ಕೆ ನೆಂಟಸ್ತನ ಆಗಿಬಿಡುವುದಿಲ್ಲ.

ಈ ಎಲ್ಲ ಕಥೆಗಳ ಕಾಡಿನಲ್ಲಿ ದಾರಿ ಹುಡುಕಿದವರು ಆಲೆನ್ ವಾಕರ್ ರೀಡ್. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ವಿಚಿತ್ರ ಮನುಷ್ಯ. ಯುವಕನಾಗಿದ್ದಾಗ ಅಮೆರಿಕದ ಪಶ್ಚಿಮ ಭಾಗವನ್ನೆಲ್ಲ ಸುತ್ತಿ ಸಾರ್ವಜನಿಕ ಶೌಚಾಲಯಗಳ ಗೋಡೆ ಬರಹಗಳನ್ನು ಪಟ್ಟಿ ಮಾಡಿಕೊಂಡು ಬಂದಿದ್ದರು. ಜನ ಯಾರೂ ನೋಡದಾಗ ಏನು ಬರೆಯುತ್ತಾರೋ ಅದೂ ಭಾಷೆಯೇ ಅನ್ನುವುದು ಅವರ ವಾದ. ಅಂಥವರಿಗೆ ಓಕೆ ಸಿಕ್ಕಿದರೆ ಬಿಡುತ್ತಾರಾ? ಕಂಪ್ಯೂಟರಿನಲ್ಲಿ ಹುಡುಕುವ ಅನುಕೂಲ ಇಲ್ಲದ ಕಾಲ. ಹಳೆಯ ಪತ್ರಿಕೆಗಳನ್ನು ಪುಟ ಪುಟ ತಿರುವಿ ಹಾಕಿದರು. 1941ರಲ್ಲಿ ಅರ್ಧ ಕಥೆ ಬರೆದರು. ಉಳಿದರ್ಧವನ್ನು 1963 ಮತ್ತು 1964ರಲ್ಲಿ 'ಅಮೆರಿಕನ್ ಸ್ಪೀಚ್' ಎಂಬ ಪತ್ರಿಕೆಯಲ್ಲಿ ಸಾಲು ಸಾಲು ಲೇಖನಗಳಾಗಿ ಕೊಟ್ಟರು.

ಅವರು ತೋರಿಸಿದ ಜಾಗ ಇದು. 1839ರ ಮಾರ್ಚ್ 23, 'ಬಾಸ್ಟನ್ ಮಾರ್ನಿಂಗ್ ಪೋಸ್ಟ್' ಪತ್ರಿಕೆ, ಎರಡನೇ ಪುಟ. ಸಂಪಾದಕ ಚಾರ್ಲ್ಸ್ ಗಾರ್ಡನ್ ಗ್ರೀನ್ ಬರೆದ ಒಂದು ತುಂಡು ಸುದ್ದಿ. ಸುದ್ದಿ ಅನ್ನುವುದಕ್ಕಿಂತ ಕಾಲೆಳೆಯುವ ಬರಹ. ಬಾಸ್ಟನ್ನಿನಲ್ಲಿ ಆಗ 'ಗಂಟೆ ಬಾರಿಸುವುದರ ವಿರೋಧಿ ಸಂಘ' ಅಂತ ಒಂದು ತಮಾಷೆ ಸಂಘ ಇತ್ತು. ಅದರ ಸದಸ್ಯರು ಪ್ರಾವಿಡೆನ್ಸ್ ಊರಿನ ಮೇಲೆ ಹಾದುಹೋಗುವ ಬಗ್ಗೆ ಅಲ್ಲಿನ ಪತ್ರಿಕೆಯವರು ಏನೋ ಬರೆದಿದ್ದರು. ಅದಕ್ಕೆ ಗ್ರೀನ್ ಉತ್ತರ ಕೊಡುತ್ತಾರೆ: ಹಾಗೇನಾದರೂ ಅವರು ಬಂದರೆ ಪ್ರಾವಿಡೆನ್ಸಿನ ಸಂಪಾದಕರು ಚಂದಾ ಡಬ್ಬಿ ಎಲ್ಲ ಓ.ಕೆ. ಮಾಡಿಟ್ಟುಕೊಂಡು ಬಾಟಲಿಯ ಬಿರಡೆ ಹಾರಿಸುತ್ತಾರೆ ಅನ್ನುವ ಅರ್ಥದಲ್ಲಿ. ಓ.ಕೆ. ಪಕ್ಕದಲ್ಲೇ ಅವರು ವಿವರಣೆಯನ್ನೂ ಕೊಟ್ಟಿದ್ದಾರೆ, 'ಆಲ್ ಕರೆಕ್ಟ್' ಅಂತ.

ನಿಲ್ಲಿ. ಆಲ್ ಕರೆಕ್ಟ್ ಅಂದಮೇಲೆ ಮೊದಲಕ್ಷರ ಎ ಮತ್ತು ಸಿ ತಾನೇ? ಓ ಮತ್ತು ಕೆ ಎಲ್ಲಿಂದ ಬಂದವು?

ಜೋಕು ಇರುವುದೇ ಅಲ್ಲಿ. ಕನ್ನಡದಲ್ಲಿ ಬರೆದರೆ ಆ ಜೋಕು ಪೂರ್ತಿ ಮಾಯ. ನಮಗೆ ಸಿ ಇರಲಿ ಕೆ ಇರಲಿ, ಕರೆಕ್ಟ್ ಅನ್ನುವುದಕ್ಕೆ ಇರುವುದು ಒಂದೇ ಕ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಉಚ್ಚಾರ ಒಂದು, ಬರೆಯುವುದು ಒಂದು. ಶಾಲೆಗೆ ಸರಿಯಾಗಿ ಹೋಗದವನು 'ಆಲ್' ಅನ್ನುವುದಕ್ಕೆ ಓ ಹಾಕುತ್ತಾನೆ, 'ಕರೆಕ್ಟ್' ಅನ್ನುವುದಕ್ಕೆ ಕೆ ಹಾಕುತ್ತಾನೆ. ಅಂದರೆ 'ಎಲ್ಲ ಸರಿ' ಅನ್ನುವ ಮಾತಿನಲ್ಲಿ ಎರಡು ಪದಗಳ ಮೊದಲಕ್ಷರವೂ ತಪ್ಪು! ತಮಾಷೆ ಅಷ್ಟೇ. ನೀವು ಯಾರೂ ನಗಲಿಲ್ಲ ಅಂತ ಕಾಣುತ್ತದೆ, ಪರವಾಗಿಲ್ಲ.

ಆದರೆ 1838-39ರ ಬಾಸ್ಟನ್ನಿನಲ್ಲಿ ಇದಕ್ಕೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಆಗ ಅಲ್ಲಿ ಪತ್ರಿಕೆಯವರಿಗೆ ಮೊದಲಕ್ಷರಗಳ ಗೀಳು ಹಿಡಿದಿತ್ತು. ನಮ್ಮ ಹುಡುಗರು ಈಗ ಚಾಟಿನಲ್ಲಿ 'ಎಲ್‌ಓಎಲ್' ಅಂತ ಬರೆಯುವುದಿಲ್ವಾ, ಅದೇ ಚಟ. ಕ್ಷುಲ್ಲಕ ಅನ್ನಲು 'ಎಸ್.ಪಿ.', ಅಂದರೆ ಸ್ಮಾಲ್ ಪೊಟೇಟೋಸ್, ಸಣ್ಣ ಆಲೂಗಡ್ಡೆ. ಊರು ಬಿಟ್ಟು ಓಡಿಹೋದ ಅನ್ನಲು 'ಜಿ.ಟಿ.', ಗಾನ್ ಟು ಟೆಕ್ಸಾಸ್. ಸಾಲ ಮಾಡಿದವರು ಆಗ ಓಡಿಹೋಗುತ್ತಿದ್ದದ್ದು ಟೆಕ್ಸಾಸಿಗೆ. ಇದೂ ಬೇಜಾರಾದ ಮೇಲೆ ಬೇಕಂತಲೇ ತಪ್ಪು ಕಾಗುಣಿತದಲ್ಲಿ ಮೊದಲಕ್ಷರ ಹಾಕುವುದು ಶುರುವಾಯಿತು. 'ಆಲ್ ರೈಟ್' ಅನ್ನುವುದಕ್ಕೆ 'ಓ.ಡಬ್ಲ್ಯೂ.', ರೈಟ್ ಮುಂದೆ ಬೇಡದ ಡಬ್ಲ್ಯೂ ಒಂದನ್ನು ಹಾಕಿ. 'ನೋ ಯೂಸ್' ಅನ್ನುವುದಕ್ಕೆ 'ಕೆ.ವೈ.', 'ಇಲ್ಲ' ಅನ್ನುವ ನೋ ಬದಲು ಕೆಯಿಂದ ಶುರುವಾಗುವ 'ತಿಳಿ' ಅನ್ನುವ ನೋ, ಯೂಸ್‌ಗೆ ವೈ. ಹೀಗೆ ಒಂದು ರಾಶಿ ಇದ್ದವು. ಎಲ್ಲವೂ ಬಂದಷ್ಟೇ ಬೇಗ ಹೋದವು. ಓ.ಡಬ್ಲ್ಯೂ. ಯಾರಿಗೆ ಗೊತ್ತು ಇವತ್ತು?

ನನಗೆ ಓಕೆಯ ನಿಜವಾದ ಪ್ರಶ್ನೆ ಇಲ್ಲಿದೆ. ಅದು ಹೇಗೆ ಹುಟ್ಟಿತು ಅನ್ನುವುದಕ್ಕಿಂತ ಹೇಗೆ ಬದುಕಿತು ಅನ್ನುವುದು. ಒಂದೇ ಹೆರಿಗೆ ಕೋಣೆಯಲ್ಲಿ ಹುಟ್ಟಿದ ಎಲ್ಲ ಪದಗಳೂ ಸತ್ತವು, ಇದೊಂದು ಉಳಿಯಿತು. ಪದದ ಹುಟ್ಟನ್ನು ಪತ್ತೆ ಮಾಡಿದವರು ಅದರ ಗುಟ್ಟನ್ನೇ ಕಂಡುಹಿಡಿದೆವು ಅಂದುಕೊಳ್ಳುತ್ತಾರೆ. ಆದರೆ ಪದ ಹುಟ್ಟಲು ಒಬ್ಬ ತರಲೆ ಸಂಪಾದಕ ಸಾಕು. ಅದು ಬದುಕಬೇಕಾದರೆ ಗುರುತು ಪರಿಚಯ ಇಲ್ಲದ ಸಾವಿರಾರು ಜನ ಅದನ್ನು ತಮ್ಮ ತಮ್ಮ ಕೆಲಸಕ್ಕೆ ಬಳಸಿಕೊಳ್ಳಬೇಕು.

ಓಕೆಗೆ ಸಿಕ್ಕ ಮೊದಲ ಅದೃಷ್ಟ ಒಂದು ಚುನಾವಣೆ.

1840. ಅಮೆರಿಕದ ಎಂಟನೇ ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರೆನ್ ಎರಡನೇ ಸಲ ಗೆಲ್ಲಲು ನಿಂತಿದ್ದರು. ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ಡಚ್ಚರ ಊರು. ವಾನ್ ಬ್ಯೂರೆನ್ ಮನೆಯಲ್ಲಿ ಮಾತಾಡುತ್ತಿದ್ದದ್ದು ಡಚ್. ಇಂಗ್ಲಿಷ್ ತಾಯ್ನುಡಿ ಅಲ್ಲದ ಅಮೆರಿಕದ ಅಧ್ಯಕ್ಷ ಅಂದರೆ ಇಲ್ಲಿಯವರೆಗೆ ಅವರೊಬ್ಬರೇ. ಇಂಗ್ಲಿಷಿನ ಅತಿ ದೊಡ್ಡ ಸ್ಲ್ಯಾಂಗ್ ಪದವನ್ನು ಮೇಲೆತ್ತಿದ್ದು ಅಂಥವರ ಹೆಸರು. ಬೆಂಬಲಿಗರು ಅವರಿಗೆ 'ಓಲ್ಡ್ ಕಿಂಡರ್‌ಹುಕ್' ಅಂತ ಅಡ್ಡಹೆಸರಿಟ್ಟರು, ಕಿಂಡರ್‌ಹುಕ್ಕಿನ ಹಿರಿಯ ಅಂತ. ಮೊದಲಕ್ಷರ ಓ.ಕೆ. ಇನ್ನೇನು ಬೇಕು? ನ್ಯೂಯಾರ್ಕಿನಲ್ಲಿ ಡೆಮಾಕ್ರಟಿಕ್ ಓ.ಕೆ. ಕ್ಲಬ್ ಎದ್ದಿತು. ಆ ಕ್ಲಬ್ಬಿನವರು ಎದುರಾಳಿ ವಿಗ್ ಪಕ್ಷದವರ ಸಭೆಗೆ ನುಗ್ಗಿ ಗಲಾಟೆಯನ್ನೂ ಮಾಡಿದರು. ನಮ್ಮ ನಾಯಕ ಓ.ಕೆ., ಅಂದರೆ ಓಲ್ಡ್ ಕಿಂಡರ್‌ಹುಕ್ಕೂ ಹೌದು, ಆಲ್ ಕರೆಕ್ಟೂ ಹೌದು. ಎರಡು ಅರ್ಥ, ಒಂದೇ ಘೋಷಣೆ.

ಎದುರು ಪಕ್ಷದವರು ಸುಮ್ನೆ ಇರುತ್ತಾರಾ? 1837ರಿಂದ ದೇಶದಲ್ಲಿ ವ್ಯಾಪಾರ ನೆಲಕಚ್ಚಿ ಬ್ಯಾಂಕುಗಳು ಮುಳುಗಿದ್ದವು. ವಿಗ್ ಪಕ್ಷದವರು ಅದೇ ಓ.ಕೆ.ಯನ್ನು ತಿರುಗಿಸಿ ಹೊಡೆದರು. 'ಔಟ್ ಆಫ್ ಕ್ಯಾಶ್' ಅಂದರು, ಕೈಯಲ್ಲಿ ಕಾಸಿಲ್ಲ. 'ಔಟ್ ಆಫ್ ಕ್ರೆಡಿಟ್', ಸಾಲವೂ ಹುಟ್ಟುವುದಿಲ್ಲ. 'ಔಟ್ ಆಫ್ ಕ್ಲೋತ್ಸ್', ಉಡಲು ಬಟ್ಟೆಯೂ ಇಲ್ಲ. ಕ್ಯಾಶ್, ಕ್ರೆಡಿಟ್, ಕ್ಲೋತ್ಸ್ ಎಲ್ಲವಕ್ಕೂ ಬೇಕಂತಲೇ ಕೆ ಹಾಕಿ. ಇಷ್ಟಕ್ಕೇ ನಿಲ್ಲಲಿಲ್ಲ. ವಾನ್ ಬ್ಯೂರೆನ್ ಅವರಿಗಿಂತ ಮೊದಲು ಅಧ್ಯಕ್ಷರಾಗಿದ್ದ ಅದೇ ಪಕ್ಷದ ಆಂಡ್ರೂ ಜಾಕ್ಸನ್ ಮೇಲೆ ಒಂದು ಕಥೆ ಕಟ್ಟಿದರು. ಜಾಕ್ಸನ್‌ಗೆ ನೆಟ್ಟಗೆ ಕಾಗುಣಿತ ಬರುವುದಿಲ್ಲ, ಕಡತದ ಮೇಲೆ ಆಲ್ ಕರೆಕ್ಟ್ ಅನ್ನುವುದನ್ನು ಅವರೇ ಓ.ಕೆ. ಅಂತ ಬರೆದು ಸಹಿ ಹಾಕುತ್ತಿದ್ದರು ಅಂತ. ಸುಳ್ಳು. ಆದರೆ ಕೇಳಲು ಮಜವಾಗಿತ್ತು.

ಈ ಸುಳ್ಳು ಎಷ್ಟು ಗಟ್ಟಿಯಾಗಿ ಕೂತಿತು ಅಂದರೆ, ಮುಂದೆ ಅದಕ್ಕೆ ಸಾಕ್ಷಿಯೂ ಹುಟ್ಟಿಕೊಂಡಿತು! ಟೆನೆಸಿಯ ಒಂದು ಕೋರ್ಟಿನ 1790ರ ದಾಖಲೆಯಲ್ಲಿ ಜಾಕ್ಸನ್ ಹೆಸರಿನ ಜೊತೆ ಓ.ಕೆ. ಅಂತ ಬರೆದಿದೆ, ನೋಡಿ ಅಂದರು. ಮೂಲವನ್ನು ಗಮನ ಇಟ್ಟು ಓದಿದಾಗ ಅದು ಓ.ಕೆ. ಅಲ್ಲ, ಓ.ಆರ್. ದಾಖಲು ಮಾಡಲು ಆದೇಶವಾಗಿದೆ ಅಂತ ಗುಮಾಸ್ತರು ಹಾಕುತ್ತಿದ್ದ ಗುರುತು. ಅವಸರದ ಕೈಬರಹದಲ್ಲಿ ಆರ್‌ನ ಹೊಟ್ಟೆ ತೆರೆದುಕೊಂಡರೆ ಕೆ ಥರವೇ ಕಾಣುತ್ತದೆ. ನಮ್ಮ ಹಳೆಯ ಪಹಣಿ, ಕ್ರಯಪತ್ರ ಓದಿ ಅಭ್ಯಾಸ ಇದ್ದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ವಾನ್ ಬ್ಯೂರೆನ್ ಸೋತರು. ಸಣ್ಣ ಸೋಲಲ್ಲ, ಅಧ್ಯಕ್ಷರನ್ನು ಆರಿಸುವ ಎಲೆಕ್ಟರುಗಳ ಮತದಲ್ಲಿ 234ಕ್ಕೆ 60. ಗೆದ್ದ ವಿಗ್ ಪಕ್ಷದ ಹ್ಯಾರಿಸನ್ ಅಧಿಕಾರಕ್ಕೆ ಬಂದು ಒಂದೇ ತಿಂಗಳಿಗೆ ತೀರಿಕೊಂಡರು, ಅದು ಬೇರೆ ಕಥೆ. ಚುನಾವಣೆಯ ಗದ್ದಲದಲ್ಲಿ ಎರಡೂ ಪಕ್ಷದವರು ಸೇರಿ ಓ.ಕೆ.ಯನ್ನು ದೇಶದ ಮೂಲೆ ಮೂಲೆಗೆ ತಲುಪಿಸಿದ್ದರು. ಹೊಗಳಿದವರೂ ಅದನ್ನೇ ಹೇಳಿದರು, ಬೈದವರೂ ಅದನ್ನೇ ಹೇಳಿದರು. ಪ್ರಚಾರಕ್ಕೆ ಇಷ್ಟು ಸಾಲದಾ?

ಆಮೇಲೆ ಟೆಲಿಗ್ರಾಫ್ ಬಂತು. 1844ರಲ್ಲಿ ವಾಷಿಂಗ್ಟನ್ನಿಗೂ ಬಾಲ್ಟಿಮೋರಿಗೂ ನಡುವೆ ಮೋರ್ಸ್ ಅವರ ತಂತಿ ಮಾತಾಡಿತು. ತಂತಿಯಲ್ಲಿ ಒಂದೊಂದು ಅಕ್ಷರವೂ ಕೈಯಲ್ಲಿ ಕುಟ್ಟಬೇಕಾದದ್ದು. ನಿಮ್ಮ ಸಂದೇಶ ಬಂತು, ಅರ್ಥವಾಯಿತು, ಮುಂದೆ ಕಳಿಸಿ ಅಂತ ಉದ್ದಕ್ಕೆ ಕುಟ್ಟುತ್ತಾ ಕೂರುವವರು ಯಾರು? ಎರಡಕ್ಷರದ ಓ.ಕೆ. ಹೇಳಿ ಮಾಡಿಸಿದ ಹಾಗಿತ್ತು. ರೈಲ್ವೆಯವರೂ ಅದನ್ನೇ ಹಿಡಿದರು. ತಮಾಷೆಗೆ ಹುಟ್ಟಿದ್ದು ಇಲ್ಲಿ ಡ್ಯೂಟಿಗೆ ಸೇರಿತು. ಜೋಕು ಏನಾಗಿತ್ತು ಅನ್ನುವುದು ಜನರಿಗೆ ಪೂರ್ತಿ ಮರೆತುಹೋಯಿತು.

ಮರೆತದ್ದರಿಂದಲೇ ಕಥೆಗಳು ಹುಟ್ಟಿದವು ಅನ್ನುವುದು ನನ್ನ ಅಂದಾಜು. ಇಷ್ಟು ದೊಡ್ಡ ಪದಕ್ಕೆ ದೊಡ್ಡ ಮೂಲವೇ ಇರಬೇಕು ಅಂತ ಜನರಿಗೆ ಅನಿಸುತ್ತದೆ. ಅಧ್ಯಕ್ಷ ವುಡ್ರೊ ವಿಲ್ಸನ್ ಕಡತಗಳ ಮೇಲೆ ಓಕೆಯನ್ನು ಕೊನೆಗೊಂದು ಹೆಚ್ ಸೇರಿಸಿ ಬರೆಯುತ್ತಿದ್ದರು. ಅದು ಚಾಕ್ಟಾ ಎಂಬ ಮೂಲನಿವಾಸಿಗಳ ಭಾಷೆಯ ಪದ, 'ಹಾಗೇ ಸರಿ' ಅಂತ ಅದರರ್ಥ, ಹಾಗಾಗಿ ಅದೇ ಸರಿಯಾದ ಕಾಗುಣಿತ ಅಂತ ಅವರು ನಂಬಿದ್ದರು. ಅದೇ ಕಾಗುಣಿತದಲ್ಲಿ 1918ರಲ್ಲಿ ಒಂದು ಗ್ರಾಮಫೋನ್ ರೆಕಾರ್ಡ್ ಕಂಪನಿಯೂ ಹುಟ್ಟಿತು. ಅದರ ಮಾಲೀಕ ಆಟೋ ಕೆ. ಇ. ಹೈನ್‌ಮನ್ ಅವರ ಇನಿಷಿಯಲ್‌ಗಳೂ ಅದರೊಳಗೆ ಸರಿಯಾಗಿ ಕೂತಿದ್ದವು. ಇದರಲ್ಲಿ ಒಂದು ಕ್ರೂರ ತಮಾಷೆ ಇದೆ. ಚಾಕ್ಟಾ ಜನರನ್ನು ಅವರ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದ ಕಾನೂನಿಗೆ 1830ರಲ್ಲಿ ಸಹಿ ಹಾಕಿದವರು ಇದೇ ಆಂಡ್ರೂ ಜಾಕ್ಸನ್. ಎರಡು ಕಟ್ಟುಕಥೆಗಳಲ್ಲೂ ಈ ಮನುಷ್ಯ ಹೇಗೋ ಬಂದು ನಿಲ್ಲುತ್ತಾರೆ.

ಆದರೆ ಒಂದು ವಾದವನ್ನು ಮಾತ್ರ ಬಿಸ್ಕತ್ತಿನ ಕಥೆಯ ಹಾಗೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅದು ಪಶ್ಚಿಮ ಆಫ್ರಿಕಾದ ವಾದ. ಆಫ್ರಿಕಾದ ಭಾಷೆಗಳನ್ನು ಓದಿಕೊಂಡಿದ್ದ ಡೇವಿಡ್ ಡಾಲ್ಬಿ ಎಂಬ ವಿದ್ವಾಂಸರು 1960ರ ದಶಕದ ಕೊನೆಯಲ್ಲಿ ಇದನ್ನು ಮುಂದಿಟ್ಟರು. ಸೆನೆಗಲ್ ಕಡೆಯ ವೊಲೊಫ್ ಭಾಷೆಯಲ್ಲಿ 'ವಾವ್ ಕೇ' ಅಂದರೆ 'ಹೌದು, ಖಂಡಿತ'. ಆ ಭಾಷೆಯವರನ್ನು ಗುಲಾಮರಾಗಿ ಅಮೆರಿಕಕ್ಕೆ ಒಯ್ದಿದ್ದರು. ಅವರ ಬಾಯಿಂದ ಇದು ಬಂದಿರಬಹುದಲ್ಲ ಅಂತ. ರೀಡ್ ಇದನ್ನು ಒಪ್ಪಲಿಲ್ಲ. ಆಧಾರ ಕೇಳಿದರು. ನ್ಯಾಯವೇ. ಆದರೆ ರೀಡ್ ನಂಬಿದ್ದ ಆಧಾರ ಅಂದರೆ ಅಚ್ಚಾದ ಕಾಗದ. ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧ ಅಂತ ಅಮೆರಿಕದ ದಕ್ಷಿಣದ ಹಲವು ರಾಜ್ಯಗಳಲ್ಲಿ ಕಾನೂನಿತ್ತು. ಅವರು ಹೊಲದಲ್ಲಿ ಆಡಿದ ಮಾತು ಯಾವ ಪತ್ರಿಕೆಯ ಎರಡನೇ ಪುಟಕ್ಕೆ ಬರಬೇಕಿತ್ತು? ಪತ್ರಿಕೆಯಲ್ಲಿ ಸಿಗಲಿಲ್ಲ ಅಂದಮಾತ್ರಕ್ಕೆ ಅವರ ನಡುವೆ ಆ ಮಾತು ಇರಲಿಲ್ಲ ಅಂತ ಹೇಳುವುದು ಕಷ್ಟ.

ಆದರೂ ಓಕೆಯ ಮಟ್ಟಿಗೆ ನಾನು ರೀಡ್ ಕಡೆಗೇ. ಕಾರಣ, 1839ರ ಬರಹದಲ್ಲಿ ಪದವೂ ಇದೆ, ಅದರ ಅರ್ಥವೂ ಇದೆ, ಅದೇ ಅಚ್ಚಿನಲ್ಲಿ ಎರಕ ಹೊಯ್ದ ಓ.ಡಬ್ಲ್ಯೂ. ಥರದ ಅಣ್ಣತಮ್ಮಂದಿರೂ ಅದೇ ಊರಿನಲ್ಲಿ ಇದ್ದಾರೆ. ಇಷ್ಟು ಸಾಕ್ಷಿ ಬೇರೆ ಯಾವ ಕಥೆಗೂ ಇಲ್ಲ.

ಇನ್ನು ಅರ್ಥಗಳಿಗೆ ಬರೋಣ.

ಊಟ ಹೇಗಿತ್ತು ಅಂತ ಕೇಳುತ್ತಾರೆ. ನೀವು 'ಓಕೆ' ಅನ್ನುತ್ತೀರಿ. ಬಡಿಸಿದವರ ಮುಖ ಸಪ್ಪಗಾಗುತ್ತದೆ. ಅದೇ ಆಪರೇಷನ್ ಥಿಯೇಟರಿನಿಂದ ಡಾಕ್ಟರ್ ಹೊರಗೆ ಬಂದು 'ಪೇಷೆಂಟ್ ಓಕೆ' ಅಂದರೆ ಮನೆಯವರು ಕೈ ಮುಗಿಯುತ್ತಾರೆ. ಪದ ಒಂದೇ. ಒಂದು ಕಡೆ ಅವಮಾನ, ಇನ್ನೊಂದು ಕಡೆ ವರ. ಹುಡುಗಿ ನೋಡಿ ಬಂದವರು ದಾರಿಯಲ್ಲಿ 'ಹುಡುಗಿ ಓಕೆ' ಅಂದರೆ ಅಷ್ಟಕ್ಕಷ್ಟೆ ಅಂತ ಅರ್ಥ. ಮಾರನೇ ದಿನ ಫೋನಿನಲ್ಲಿ 'ಹುಡುಗಿ ಕಡೆಯವರು ಓಕೆ ಅಂದ್ರು' ಅಂದರೆ ಮದುವೆಯೇ ಗಟ್ಟಿ.

ಯಾಕೆ ಹೀಗೆ? ಓಕೆ ಯಾವತ್ತೂ 'ಚೆನ್ನಾಗಿದೆ' ಅಂತ ಹೇಳುವುದಿಲ್ಲ. 'ತೊಂದರೆ ಇಲ್ಲ' ಅಂತ ಮಾತ್ರ ಹೇಳುತ್ತದೆ. ತೊಂದರೆ ಆಗಬಹುದು ಅಂತ ಹೆದರಿದ್ದವರಿಗೆ ಅದು ಸಿಹಿಸುದ್ದಿ. ಹೊಗಳಿಕೆಗೆ ಕಾದಿದ್ದವರಿಗೆ ಅದು ಕಹಿ. ಗ್ರೀನ್ ಅವರ 'ಎಲ್ಲ ಸರಿ' ಟೆಲಿಗ್ರಾಫಿನ ಕೈಗೆ ಸಿಕ್ಕಿ, ಬರೀ 'ತಲುಪಿತು' ಅನ್ನುವ ಮಟ್ಟಕ್ಕೆ ಇಳಿಯಿತಲ್ಲ, ಅಲ್ಲಿಂದ ಈ ಗುಣ ಬಲಿತಿರಬೇಕು. ಸಂದೇಶ ತಲುಪಿತು ಅಂದ ಮಾತ್ರಕ್ಕೆ ಸಂದೇಶ ಇಷ್ಟವಾಯಿತು ಅಂತೇನಿಲ್ಲ. ಆಫೀಸಿನಲ್ಲಿ ಬಾಸ್ ಹೇಳಿದ್ದಕ್ಕೆಲ್ಲ ನಾವು 'ಓಕೆ ಸರ್' ಅನ್ನುವುದು ಒಪ್ಪಿಗೆಯಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಚಾಟಿನಲ್ಲಂತೂ ಇದು ಬೇರೆಯದೇ ವ್ಯಾಕರಣ ಕಟ್ಟಿಕೊಂಡಿದೆ. ಪೂರ್ತಿ ಬರೆದರೆ ಮಾಮೂಲು. ಎರಡು ಸಲ 'ಕೆ ಕೆ' ಅಂದರೆ ಸ್ನೇಹ. ಒಂಟಿ 'ಕೆ' ಬಂತು ಅಂದರೆ ಎದುರಿಗಿರುವವರಿಗೆ ಸಿಟ್ಟು ಬಂದಿದೆ, ನೀವು ಏನೋ ಮಾಡಿದ್ದೀರಿ. ಪದದಲ್ಲಿ ಇರುವುದೇ ಎರಡಕ್ಷರ, ಅದರಲ್ಲೂ ಒಂದನ್ನು ತಿಂದುಹಾಕಿದರೆ ಸಿಟ್ಟು ಬಂದೇ ಇರಬೇಕಲ್ಲ. 2019ರಲ್ಲಿ ಹಿರಿಯರ ಬುದ್ಧಿಮಾತಿಗೆ ಕಿರಿಯರು 'ಓಕೆ ಬೂಮರ್' ಅನ್ನತೊಡಗಿದ್ದು ನೆನಪಿದೆಯಾ? ನ್ಯೂಜಿಲೆಂಡಿನ ಸಂಸತ್ತಿನಲ್ಲಿ ಕ್ಲೋಯಿ ಸ್ವಾರ್‌ಬ್ರಿಕ್ ಎಂಬ ಯುವ ಸದಸ್ಯೆ ಭಾಷಣದ ಮಧ್ಯೆ ಅಡ್ಡಿ ಮಾಡಿದವರಿಗೆ ಅದನ್ನೇ ಹೇಳಿ ಮುಂದುವರಿದರು. ಅಲ್ಲಿ ಓಕೆ ಅಂದರೆ 'ನಿಮ್ಮ ಮಾತು ಕೇಳಿಸಿತು, ಬೇಕಾಗಿಲ್ಲ'.

ಕಂಪ್ಯೂಟರಿನ ಓಕೆ ಬಟನ್ ಬಗ್ಗೆ ಒಂದು ಮಾತು. 1980ರ ದಶಕದ ಶುರುವಿನಲ್ಲಿ ಆಪಲ್ ಕಂಪನಿಯವರು 'ಲೀಸಾ' ಎಂಬ ಕಂಪ್ಯೂಟರ್ ಮಾಡುತ್ತಿದ್ದರು. ಬಟನ್ ಮೇಲೆ ಓಕೆ ಅಂತ ಹಾಕಲು ಅವರಿಗೆ ಹಿಂಜರಿಕೆ. ತೀರಾ ಬೀದಿ ಮಾತು ಅನಿಸಿತು. ಅದಕ್ಕೆ 'ಡು ಇಟ್' ಅಂತ ಹಾಕಿದರು, 'ಮಾಡು' ಅಂತ. ಆಮೇಲೆ ಹೊಸಬರನ್ನು ಕೂರಿಸಿ ಪರೀಕ್ಷೆ ಮಾಡಿದರು. ಅದರಲ್ಲೊಬ್ಬರು ಆ ಬಟನ್ ಒತ್ತಲೊಲ್ಲರು. ಮುಖ ಬೇರೆ ಸಿಂಡರಿಸಿಕೊಂಡಿದ್ದಾರೆ. ಏನಾಯಿತು ಅಂತ ಕೇಳಿದರೆ, ನಾನೇನು ದಡ್ಡನಾ, ಈ ಯಂತ್ರ ಯಾಕೆ ನನ್ನನ್ನು ಹಾಗೆ ಕರೆಯುತ್ತಿದೆ ಅಂದರು! ಎರಡು ಪದಗಳ ನಡುವಿನ ಜಾಗ ಕಮ್ಮಿ ಇತ್ತು. ಆ ಅಕ್ಷರ ಶೈಲಿಯಲ್ಲಿ ದೊಡ್ಡ ಐ, ಚಿಕ್ಕ ಎಲ್ ಎರಡೂ ಒಂದೇ ಗೆರೆ. ಹಾಗಾಗಿ ಅವರು 'ಡು ಇಟ್' ಅನ್ನುವುದನ್ನು 'ಡೋಲ್ಟ್' ಅಂತ ಓದಿದ್ದರು, ಅಂದರೆ ಪೆದ್ದ. ಬೀದಿ ಮಾತೇ ವಾಸಿ ಅಂತ ಓಕೆಗೆ ವಾಪಸ್ಸಾದರು.

ಕೈಸನ್ನೆಯ ಓಕೆ ಇನ್ನೂ ಅಪಾಯದ್ದು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ಅಮೆರಿಕದಲ್ಲಿ 'ಎಲ್ಲ ಸರಿ'. ಜಪಾನಿನಲ್ಲಿ 'ದುಡ್ಡು'. ಬ್ರೆಜಿಲ್‌ನಲ್ಲಿ ಮಾತ್ರ ಯಾರಿಗೂ ತೋರಿಸಬೇಡಿ, ಹೊಲಸು ಬೈಗುಳ ಅದು. ಸಮುದ್ರದಲ್ಲಿ ಡೈವಿಂಗ್ ಮಾಡುವವರಿಗೆ ಇದು ಕಡ್ಡಾಯ ಪಾಠ. ನೀರೊಳಗೆ ಹೆಬ್ಬೆರಳೆತ್ತಿ ತೋರಿಸಿದರೆ 'ಸೂಪರ್' ಅಂತ ಅಲ್ಲ, 'ನಾನು ಮೇಲೆ ಹೋಗುತ್ತಿದ್ದೇನೆ' ಅಂತ. ಮುರುಡೇಶ್ವರದ ನೇತ್ರಾಣಿ ದ್ವೀಪಕ್ಕೆ ಡೈವಿಂಗಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ಅಲ್ಲಿ 'ಚೆನ್ನಾಗಿದ್ದೇನೆ' ಅನ್ನಲು ಉಂಗುರವೇ ಬೇಕು.

2017ರಲ್ಲಿ ಕೆಲವು ಪುಂಡರು ಇಂಟರ್ನೆಟ್ಟಿನಲ್ಲಿ ಒಂದು ತಮಾಷೆ ಹೂಡಿದರು. ಈ ಉಂಗುರದ ಸನ್ನೆ ಬಿಳಿಯರೇ ಮೇಲು ಅನ್ನುವವರ ಗುಟ್ಟಿನ ಗುರುತು ಅಂತ ಸುಳ್ಳು ಹಬ್ಬಿಸಿ, ನಂಬಿದವರನ್ನು ಪೆದ್ದು ಮಾಡೋಣ ಅಂತ. ಏನಾಯಿತು ನೋಡಿ. ನಿಜವಾದ ಜನಾಂಗದ್ವೇಷಿಗಳೇ ಅದನ್ನು ಎತ್ತಿಕೊಂಡರು. 2019ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಊರಿನ ಮಸೀದಿಗಳಲ್ಲಿ ಕೊಲೆ ಮಾಡಿದವನು ಕೋರ್ಟಿನಲ್ಲಿ ಆ ಸನ್ನೆ ತೋರಿಸಿದ. ಅದೇ ವರ್ಷ ಜನಾಂಗದ್ವೇಷದ ವಿರುದ್ಧ ಕೆಲಸ ಮಾಡುವ ಅಮೆರಿಕದ ಆಂಟಿ ಡಿಫಮೇಷನ್ ಲೀಗ್ ಎಂಬ ಸಂಸ್ಥೆ ಅದನ್ನು ತನ್ನ ದ್ವೇಷದ ಗುರುತುಗಳ ಪಟ್ಟಿಗೆ ಸೇರಿಸಿತು, ಬಹುಪಾಲು ಜನ ಇದನ್ನು ಇನ್ನೂ ಒಳ್ಳೆಯ ಅರ್ಥದಲ್ಲೇ ಬಳಸುತ್ತಾರೆ ಎಂಬ ಎಚ್ಚರಿಕೆಯ ಜೊತೆಗೆ. ಗ್ರೀನ್ ಅವರ ಜೋಕಿಗೆ ಆದದ್ದೇ ಇಲ್ಲೂ ಆಯಿತು. ಹೂಡಿದವರು ನಕ್ಕು ಮುಂದೆ ಹೋದರು, ಎತ್ತಿಕೊಂಡವರು ನಗಲಿಲ್ಲ. ಆವತ್ತು ಎತ್ತಿಕೊಂಡವರು ತಂತಿ ಆಫೀಸಿನವರು, ಈ ಸಲ ಇಂಥವರು.

ಇಷ್ಟು ಹೇಳಿ ಮುಗಿಸಿದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಹಿರಿಯರು ಕೇಳಿದರು: "ನಮ್ಮಲ್ಲಿ 'ಸರಿ' ಇದೆ, 'ಆಯ್ತು' ಇದೆ, 'ಹೂಂ' ಇದೆ. ಧಾರವಾಡ ಕಡೆ 'ಆತ್ರಿ' ಇದೆ. ಮತ್ತೆ ಓಕೆ ಯಾಕ್ರೀ ಬೇಕಿತ್ತು?"

ಒಳ್ಳೆಯ ಪ್ರಶ್ನೆ. 'ಆಯ್ತು' ನನಗೆ ತುಂಬಾ ಇಷ್ಟ. ನಾಳೆ ಬಾ ಅಂದರೆ 'ಆಯ್ತು' ಅನ್ನುತ್ತೇವೆ. ನಾಳೆ ಇನ್ನೂ ಬಂದೇ ಇಲ್ಲ, ನಾವಾಗಲೇ ಮುಗಿಸಿಬಿಟ್ಟಿರುತ್ತೇವೆ! ಆದರೆ ಈ ಪದಗಳಿಗೆಲ್ಲ ನಮ್ಮ ಮನೆಯ ಬಳಕೆಯ ಭಾರ ಇದೆ. 'ಸರಿ ಬಿಡು' ಅಂದರೆ ಬೇಜಾರು. 'ಸರಿಹೋಯ್ತು!' ಅಂದರೆ ಕೆಲಸ ಕೆಟ್ಟಿತು ಅಂತ. 'ಹೂಂ' ಅನ್ನುವುದನ್ನು ದೊಡ್ಡವರ ಮುಂದೆ ಜಾಗ್ರತೆಯಾಗಿ ಅನ್ನಬೇಕು, 'ಹೂಂ ರೀ', 'ಹೂಂ ಅಪ್ಪಾಜಿ'. ಓಕೆಗೆ ಬಹುವಚನ ಇಲ್ಲ, ದೊಡ್ಡವರು ಚಿಕ್ಕವರು ಇಲ್ಲ. ಗುರುತಿಲ್ಲದ ಡೆಲಿವರಿ ಹುಡುಗನಿಗೂ ಅದೇ, ಮ್ಯಾನೇಜರಿಗೂ ಅದೇ. ಅದಕ್ಕೇ ಹೊರಗಿನ ವ್ಯವಹಾರಕ್ಕೆ ಅದು ಬಂತು. ಮನೆಯೊಳಗೆ 'ಆಯ್ತು' ಇನ್ನೂ ಗಟ್ಟಿಯಾಗೇ ಇದೆ. ನಾವು ಓಕೆಯನ್ನು ಹಾಗೇ ಬಿಟ್ಟೂ ಇಲ್ಲ. 'ಓಕೆನಾ', 'ಓಕೆನೇ', 'ಓಕೆ ಕಣೋ', 'ಓಕೆ ಮಾಡಿಸ್ಕೊಂಡು ಬಾ' ಅಂತ ಪ್ರತ್ಯಯ ಹಚ್ಚಿ ಪಳಗಿಸಿದ್ದೇವೆ.

ಇನ್ನೊಬ್ಬ ಹುಡುಗ ಎದ್ದು ನಿಂತ: "ಸರ್, ಲಾರಿ ಹಿಂದೆ 'ಹಾರ್ನ್ ಓಕೆ ಪ್ಲೀಸ್' ಅಂತ ಇರುತ್ತಲ್ಲ, ಆ ಓಕೆ ಎಲ್ಲಿಂದ ಬಂತು?"

ಇದಕ್ಕೂ ಒಂದು ಡಜನ್ ಕಥೆ ಇದೆ ಮಾರಾಯ! ಎರಡನೇ ಮಹಾಯುದ್ಧದ ಕಾಲದಲ್ಲಿ ಡೀಸೆಲ್ ಸಿಗದೆ ಲಾರಿಗಳನ್ನು ಸೀಮೆಎಣ್ಣೆಯಲ್ಲಿ ಓಡಿಸುತ್ತಿದ್ದರು, ಬೆಂಕಿ ಹತ್ತೀತು, ದೂರ ಇರಿ ಅಂತ 'ಆನ್ ಕೆರೋಸಿನ್' ಎಂದು ಬರೆಯುತ್ತಿದ್ದರು ಅನ್ನುವುದು ಒಂದು. ಟಾಟಾದವರ ಓಕೆ ಸೋಪಿನ ಜಾಹೀರಾತು ಅದು ಅನ್ನುವುದು ಇನ್ನೊಂದು. ಓಕೆ ಅಕ್ಷರದ ಮೇಲೆ ಒಂದು ಬಲ್ಬ್ ಇರುತ್ತಿತ್ತು, ಡ್ರೈವರ್ ಅದನ್ನು ಹಚ್ಚಿದರೆ ಓವರ್‌ಟೇಕ್ ಮಾಡಬಹುದು ಅಂತ ಸೂಚನೆ ಅನ್ನುವುದು ಮತ್ತೊಂದು. ಯಾವುದಕ್ಕೂ 1839ರ ಬಾಸ್ಟನ್ ಪತ್ರಿಕೆಯಂಥ ಸಾಕ್ಷಿಯನ್ನು ನಾನು ನೋಡಿಲ್ಲ. ಬಲ್ಬಿನ ಕಥೆ ರಸ್ತೆಯ ಮೇಲಿನ ಕೆಲಸಕ್ಕೆ ಹೊಂದುತ್ತದೆ. ಸೀಮೆಎಣ್ಣೆಯ ಕಥೆ ಸೊನ್ನೆ ಸಾವಿನ ಕಥೆಯಷ್ಟೇ ಚೆಂದ ಇದೆ, ಅದಕ್ಕೇ ನನಗೆ ಅನುಮಾನ.

ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಲಾರಿಗಳ ಮೇಲೆ ಇದನ್ನು ಬರೆಯುವುದನ್ನೇ ನಿಷೇಧಿಸಿತು. ಓದಿದವರೆಲ್ಲ ಸುಮ್ಮಸುಮ್ನೆ ಹಾರ್ನ್ ಹೊಡೆಯುತ್ತಾರೆ, ಗಲಾಟೆ ಜಾಸ್ತಿಯಾಗುತ್ತದೆ ಅಂತ. ತುಮಕೂರು ರಸ್ತೆಯಲ್ಲಿ ನಿಂತು ನೋಡಿ. ಮಹಾರಾಷ್ಟ್ರದ ನಂಬರಿನ ಲಾರಿಗಳ ಮೇಲೂ ಪೇಂಟರುಗಳು ಅದನ್ನು ದೊಡ್ಡ ಅಕ್ಷರದಲ್ಲಿ, ಓಕೆಯ ಸುತ್ತ ಹೂಬಳ್ಳಿ ಬಿಡಿಸಿ, ಇನ್ನೂ ಬರೆಯುತ್ತಲೇ ಇದ್ದಾರೆ.